ಹಲಗೆ ಒಂದು ಗೇಣು ಗಿಡ್ಡ, ಅದಕ್ಕೇ ಮೂತಿ ಏಳ್ತಿಲ್ಲ

ಸರ್, ಫೋಟೊ ನೋಡಿದೆ. 14 ಅಡಿ ಫೈಬರ್ ದೋಣಿ, 30 ಎಚ್‌ಪಿ ಔಟ್‌ಬೋರ್ಡ್, ಸೆಕೆಂಡ್ ಹ್ಯಾಂಡ್ ಟ್ರೈಲರ್. ಮೊದಲಿನ ವೇಗ ಇಲ್ಲ, ಮೂತಿ ಏಳಲ್ಲ, ಮೋಟರ್ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ. ಬಿಚ್ಚಿಸಬೇಡಿ, ಮೊದಲು ಟ್ರೈಲರ್ ನೋಡಿ. ದೋಣಿ ಕೂತಿರುವ ಆ ಎರಡು ಉದ್ದ ಹಲಗೆಗಳು ಟ್ರಾನ್ಸಮ್‌ಗಿಂತ, ಅಂದರೆ ಮೋಟರ್ ಕಟ್ಟುವ ಹಿಂಗೋಡೆಗಿಂತ, ಒಂದು ಗೇಣು ಮೊದಲೇ ಮುಗಿದಿವೆ.

ನೀರಿನಲ್ಲಿದ್ದಾಗ ಮುಳುಗಿದ ತಳಕ್ಕೆಲ್ಲ ಆಸರೆ ಸಿಗುತ್ತದೆ. ಟ್ರೈಲರ್ ಮೇಲೆ ಹಲಗೆ ಇದ್ದಷ್ಟೇ ಆಸರೆ. ನಿಮ್ಮಂಥ ದೋಣಿಯಲ್ಲಿ ಮೋಟರ್, ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎಲ್ಲ ಹಿಂದೇ. ಆ ಭಾರಕ್ಕೆ ಹಲಗೆಯಿಂದಾಚೆ ಚಾಚಿದ ತಳ ತಿಂಗಳುಗಟ್ಟಲೆ ಜಗ್ಗಿ ಜಗ್ಗಿ ಕೆಳಕ್ಕೆ ಬಾಗುತ್ತದೆ. ಓಡುವಾಗ ಆ ಬಾಗು ಹಿಂಭಾಗವನ್ನು ಎತ್ತಿ ಮೂತಿಯನ್ನು ನೀರಿಗೆ ಒತ್ತುತ್ತದೆ. ನಾನು ಇದು ಗೊತ್ತಿಲ್ಲದೆ ಕಾರ್ಬುರೇಟರ್ ಎರಡು ಸಲ ತೊಳೆಸಿ, ಹೊಸ ಪ್ರೊಪೆಲ್ಲರ್ ಬೇರೆ ಹಾಕಿಸಿದ್ದೆ!

ಪರೀಕ್ಷೆ ಸುಲಭ. ಚಕ್ರಗಳಿಗೆ ಅಡೆ ಕೊಟ್ಟು ಕೆಳಗೆ ಮಲಗಿ, ನಾಲ್ಕಡಿಯ ನೇರ ಪಟ್ಟಿಯನ್ನು ಹಿಂಗೋಡೆಯ ಅಂಚಿನಿಂದ ಮುಂದಕ್ಕೆ ತಳಕ್ಕೆ ಒತ್ತಿ ಹಿಡಿಯಿರಿ. ಹಿಂದಿನಿಂದ ಟಾರ್ಚ್ ಬಿಟ್ಟರೆ ಸಂದು ಕಾಣುತ್ತದೆ. ನನ್ನ ದೋಣಿಯಲ್ಲಿ ಎರಡು ನಾಣ್ಯ ಒಂದರ ಮೇಲೊಂದಿಟ್ಟು ತೂರಿಸಬಹುದಿತ್ತು. ಬಾಗು ಅಚ್ಚಾಗಿ ಕೂತುಬಿಟ್ಟಿದ್ದರೆ ಫೈಬರ್ ಕೆಲಸದವರಿಗೇ ತೋರಿಸಬೇಕು. ಆದರೆ ಹಲಗೆ ಸರಿಮಾಡದೆ ಅದನ್ನು ರಿಪೇರಿ ಮಾಡಿಸಿದರೆ ದುಡ್ಡು ದಂಡ.

ಹಳೇ ಹಲಗೆಗೆ ತುಂಡು ಜೋಡಿಸಬೇಡಿ, ಒಂದೇ ಉದ್ದದ ಹೊಸದು ಹಾಕಿ. ಹಿಂತುದಿ ಹಿಂಗೋಡೆಗೆ ಸಮವಾಗಿ, ಬೇಕಿದ್ದರೆ ಒಂದು ಹೆಬ್ಬೆರಳಗಲ ಆಚೆಗೂ ಬರಲಿ. ದೋಣಿಯ ಒಳಗೆ ಉದ್ದಕ್ಕೂ ಹೋಗಿರುವ ಸ್ಟ್ರಿಂಗರ್, ಅಂದರೆ ತಳ ಗಟ್ಟಿ ಮಾಡುವ ತೊಲೆಯ, ಅಡಿಗೇ ಹಲಗೆ ಬರಬೇಕು, ತಳದಲ್ಲಿ ಉಬ್ಬಿರುವ ಏಣುಗಳ ಮೇಲೆ ಅಲ್ಲ. ಬೋಲ್ಟ್ ತಲೆಗಳು ಮರದೊಳಗೆ ಹೂತಿರಲಿ, ಹಲಗೆಗೆ ಸುತ್ತಿದ ಕಾರ್ಪೆಟ್ ಸವೆದ ದಿನ ಅವೇ ತಳ ಗೀರುವುದು. (ಅಲ್ಯೂಮಿನಿಯಂ ದೋಣಿಯವರು ತಾಮ್ರದ ಔಷಧಿ ಕುಡಿಸಿದ ಮರ ಬಳಸಬೇಡಿ, ಲೋಹ ತಿಂದುಹೋಗುತ್ತದೆ.) ಬ್ರಾಕೆಟ್ ನಟ್ಟುಗಳನ್ನು ಒಂಚೂರು ಸಡಿಲ ಬಿಟ್ಟು ದೋಣಿ ಕೂರಿಸಿ. ಹಲಗೆ ತಾನಾಗಿ ತಳದ ಓರೆಗೆ ತಿರುಗಿ ಕೂರುತ್ತದೆ, ಆಮೇಲೆ ಬಿಗಿ ಮಾಡಿ. ಕಾಗದದ ಹಾಳೆ ಎಲ್ಲಾದರೂ ಸಲೀಸಾಗಿ ತೂರಿದರೆ ಅಲ್ಲಿ ಭಾರ ಕೂತಿಲ್ಲ ಅಂತಲೇ ಅರ್ಥ. ನಡುವಿನ ರೋಲರ್‌ಗಳು ದಾರಿ ತೋರಿಸಿದರೆ ಸಾಕು, ಯಾವುದೂ ಒಂಟಿಯಾಗಿ ದೋಣಿ ಹೊರಬಾರದು.

ವಿಂಚ್ (ದೋಣಿಯನ್ನು ಟ್ರೈಲರ್ ಮೇಲೆ ಎಳೆಯುವ ರಾಟೆ) ಕಂಬದ ರೋಲರ್ ಮೂತಿಯ ಕೊಂಡಿಗಿಂತ ಸ್ವಲ್ಪ ಮೇಲಿರಲಿ. ಆದರೆ ಕಂಬ ಹಿಂದೆ ಮುಂದೆ ಸರಿಸಿದರೆ ಹಿಚ್ ಮೇಲಿನ, ಅಂದರೆ ಟ್ರೈಲರನ್ನು ಕಾರಿಗೆ ಸಿಕ್ಕಿಸುವ ಜಾಗದ ಮೇಲಿನ, ಭಾರವೂ ಬದಲಾಗುತ್ತದೆ. ಅದು ಒಟ್ಟು ತೂಕದ ಶೇ 7ರಿಂದ 10 ಇದ್ದರೆ ಒಳ್ಳೆಯದು, ಕಾರಿನ ಕೈಪಿಡಿ ಹೇಳಿದ ಮಿತಿ ಮಾತ್ರ ದಾಟಬಾರದು. ದೋಣಿ, ಮೋಟರ್, ಪೆಟ್ರೋಲ್, ಟ್ರೈಲರ್ ಎಲ್ಲ ಸೇರಿ 475 ಕೆಜಿ ಅಂದರೆ 33ರಿಂದ 48 ಕೆಜಿ. ಮನೆಯ ತೂಕದ ಯಂತ್ರದ ಮೇಲೆ ಮರದ ತುಂಡಿಟ್ಟು, ಕಾರಿಗೆ ಸಿಕ್ಕಿಸುವಷ್ಟೇ ಎತ್ತರದಲ್ಲಿ ಹಿಚ್ ಇಳಿಸಿ ನೋಡಿ, ಮರದ ತೂಕ ಕಳೆಯಿರಿ. ಕಡಿಮೆ ಬಂದರೆ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಆಗ ಆಕ್ಸಲ್, ಅಂದರೆ ಚಕ್ರಗಳ ಅಚ್ಚನ್ನು, ಹಿಂದೆ ಸರಿಸಿ. ಹೆಚ್ಚು ಬಂದರೆ ದೋಣಿಯನ್ನು ಹಿಂದೆ ತಳ್ಳಬೇಡಿ, ಹಲಗೆ ಮತ್ತೆ ಗಿಡ್ಡ ಮಾಡಿಕೊಂಡಂತೆ! ಆಕ್ಸಲ್ ಅನ್ನೇ ಮುಂದೆ ಸರಿಸಿ.

ವಿಂಚ್ ಪಟ್ಟಿಯೊಂದನ್ನೇ ನಂಬಬೇಡಿ. ಮೂತಿಗೆ ಬೇರೆ ಚೈನ್, ಹಿಂದೆ ಎರಡೂ ಮೂಲೆಯಿಂದ ಫ್ರೇಮಿಗೆ ಪಟ್ಟಿ ಬೇಕೇ ಬೇಕು. ದೋಣಿ ಟ್ರೈಲರ್ ಮೇಲಿರುವಾಗ ತಳದ ಬಿರಡೆ ತೆಗೆದಿಡಿ, ಒಳಗೆ ನಿಂತ ನೂರು ಲೀಟರ್ ಮಳೆನೀರು ಅಂದರೆ ನೂರು ಕೆಜಿ. ನೀರಿಗಿಳಿಸುವ ಮೊದಲು ಬಿರಡೆ ವಾಪಸ್ ಹಾಕೋದು ಮರೀಬೇಡಿ, ನಾನು ಮರೆತಿದ್ದೀನಿ.

ಮೊದಲ ಸಲ ಹೊರಟಾಗ ಇಪ್ಪತ್ತು ಕಿಲೋಮೀಟರಿಗೆ ನಿಲ್ಲಿಸಿ ಚಕ್ರದ ನಟ್ಟು, ಪಟ್ಟಿ ಮತ್ತೆ ಬಿಗಿ ಮಾಡಿ. ನೀರಿನ ಹತ್ತಿರ ಹೋದಮೇಲೆ ಹಬ್, ಅಂದರೆ ಬೇರಿಂಗ್ ಇರುವ ಚಕ್ರದ ನಡುಭಾಗ, ಮುಟ್ಟಿ ನೋಡಿ. ಬಿಸಿಯಿದ್ದರೆ ಆರಲು ಬಿಡಿ, ಬಿಸಿ ಹಬ್ ತಣ್ಣೀರಿಗೆ ಇಳಿದರೆ ಬೇರಿಂಗಿನೊಳಕ್ಕೆ ನೀರು ಎಳೆದುಕೊಳ್ಳುತ್ತದೆ. ಪಟ್ಟಿ ಹಿಡಿದ ಫೋಟೊ ತೆಗೆದು ಇಲ್ಲೇ ಹಾಕಿ, ಸಂದು ಎಷ್ಟಿದೆ ನೋಡೋಣ.