ಬಾಡಿಗೆ ದಂಡ ಅಂತ ಲೀಸ್‌ಗೆ ಹೋಗುವ ಮುಂಚೆ ಒರಿಜಿನಲ್ ಪತ್ರ ಎಲ್ಲಿದೆ ಕೇಳಿ

ಬೆಂಗಳೂರಿನಲ್ಲಿ ತಿಂಗಳಿಗೆ 11 ಸಾವಿರ ಬಾಡಿಗೆ ದಂಡವಾಗಿ ಹೋಗುತ್ತಿದೆ, ಕೈಯಲ್ಲಿ 8 ಲಕ್ಷ ಇದೆ, ಲೀಸ್‌ಗೆ ಹೋಗಲಾ ಇಲ್ಲ ಊರಾಚೆ ಸೈಟ್ ತಗೊಳ್ಳಲಾ, ಲೀಸ್ ಮನೆಗೆ ಆಗಲೇ 20 ಸಾವಿರ ಟೋಕನ್ ಕೊಟ್ಟಾಗಿದೆ ಅಂತ ಕೇಳಿದ್ದೀರಿ. ಸೈಟಿನ ವಿಷಯ ಬೇರೆ ಯಾರಾದರೂ ಹೇಳಲಿ. ಲೀಸ್ ವಿಷಯ ನಾನು ಹೇಳುತ್ತೇನೆ. ಲೀಸ್ ಅಂದರೆ ಓನರ್‌ಗೆ ಒಟ್ಟಿಗೆ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಅವಧಿ ಮುಗಿದಾಗ ಆ ದುಡ್ಡು ವಾಪಸ್ ತಗೊಳ್ಳೋದು. ಅದರಲ್ಲಿ 5 ಲಕ್ಷ ಕಳೆದುಕೊಂಡವನು ನಾನು.

2017ರಲ್ಲಿ ನಾನು ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಸಿಎನ್‌ಸಿ ಆಪರೇಟರ್. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಲಗ್ಗೆರೆಯಲ್ಲಿ ಬಾಡಿಗೆ ಮನೆ. ಸಂಬಳ ಬಂದು ಅಕೌಂಟಿನಲ್ಲಿ ಕೂರುವಷ್ಟರಲ್ಲಿ ಓನರ್ ಮಗ ಬಾಗಿಲು ತಟ್ಟುತ್ತಿದ್ದ. ತಿಪಟೂರಿನಿಂದ ಮಾವ ಬಂದಾಗಲೆಲ್ಲ ಒಂದೇ ಮಾತು: "ಎಷ್ಟು ವರ್ಷ ಅಂತ ಕಂಡೋರ ಮನೆ ತುಂಬಿಸ್ತೀರಾ ಅಳಿಯಂದ್ರೇ?" ಕೊನೆಗೆ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಒಂದೂವರೆ ಲಕ್ಷ ಅವರೇ ತಂದುಕೊಟ್ಟರು. ನಾನು ಚೀಟಿ ಎತ್ತಿದೆ, 4 ಲಕ್ಷ ಸಿಕ್ಕಿತು. ಹೆಂಡತಿಯ ಒಡವೆ ಅಡ ಇಟ್ಟು 2 ಲಕ್ಷ. ಉಳಿತಾಯ ಒಂದೂವರೆ. ಒಟ್ಟು 9 ಲಕ್ಷ.

ಸುಂಕದಕಟ್ಟೆಯಲ್ಲಿ 20-30 ಅಡಿಯ ಸೈಟಿನ ಮೇಲೆ ಎದ್ದಿದ್ದ ಮೂರು ಅಂತಸ್ತಿನ ಮನೆ. ನಮಗೆ ಒಂದನೇ ಮಹಡಿ. ಎರಡು ರೂಮು, ಕಾವೇರಿ ನೀರು, ಬೋರ್ ನೀರು ಎರಡೂ. 9 ಲಕ್ಷ ಲೀಸ್, 3 ವರ್ಷ. ಬಾಡಿಗೆಗೆ ಕೊಟ್ಟಿದ್ದರೆ ಆಗ ಅದಕ್ಕೆ 9,500 ಬರುತ್ತಿತ್ತು. ಓನರ್ ಅಂಕಲ್ ಒಳ್ಳೆ ಮಾತಿನ ಮನುಷ್ಯ. ಅಡ್ವಾನ್ಸ್ ಕೊಡಲು ಹೋದ ದಿನ ಆಂಟಿ ಹೋಳಿಗೆ ಹಾಕಿದರು. ಹೋಳಿಗೆ ತಿಂದು ಪತ್ರ ನೋಡಲು ಕೂತರೆ ಕಣ್ಣು ಅಷ್ಟು ಚುರುಕಾಗಿರೋದಿಲ್ಲ ಅಂತ ಈಗ ಹೇಳಬಲ್ಲೆ.

ಈಗ ಆ ಫೈಲಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನೀಲಿ ಬಣ್ಣದ ಪ್ಲಾಸ್ಟಿಕ್ ಫೋಲ್ಡರ್. ಅದರಲ್ಲಿ ಖಾತಾ ಎಕ್ಸ್‌ಟ್ರಾಕ್ಟ್, ಕಂದಾಯ ಕಟ್ಟಿದ ರಸೀದಿ, 13 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಕ್ರಯಪತ್ರ. ಎಲ್ಲವೂ ಜೆರಾಕ್ಸ್. ಬ್ರೋಕರ್ ಒಂದೊಂದೇ ಹಾಳೆ ತಿರುಗಿಸಿ "ಎಲ್ಲಾ ಕ್ಲಿಯರ್ ಇದೆ ಸಾರ್" ಅನ್ನುತ್ತಿದ್ದ. ನಾನು ದಡ್ಡನಲ್ಲ, ಇಸಿ ಅಂದರೇನು ಅಂತ ಗೊತ್ತಿತ್ತು. ಹೊಸದಾಗಿ ನಾನೇ ಒಂದು ಇಸಿ ಹಾಕಿಸಿ ತೆಗೆದೆ ಕೂಡ. ಅದರಲ್ಲೂ ಸಾಲ ಗೀಲ ಏನೂ ಇರಲಿಲ್ಲ. ಅಷ್ಟರ ಮೇಲೆ "ಕ್ರಯಪತ್ರ ಒರಿಜಿನಲ್ ಇಲ್ವಾ ಅಂಕಲ್?" ಅಂತ ಕೇಳಿದೆ. "ಬ್ಯಾಂಕಲ್ಲಿದೆ ಕಣಪ್ಪಾ, ಮನೇಲಿ ಇಟ್ಟರೆ ಗೆದ್ದಲು ಹಿಡಿಯುತ್ತೆ" ಅಂದರು. ಲಾಕರ್‌ನಲ್ಲಿದೆ ಅಂತ ನಾನು ಅಂದುಕೊಂಡೆ. ಆ ಮನುಷ್ಯ ಸುಳ್ಳು ಹೇಳಿರಲಿಲ್ಲ ನೋಡಿ. ಪತ್ರ ಬ್ಯಾಂಕಿನಲ್ಲೇ ಇತ್ತು. ಲಾಕರ್‌ನಲ್ಲಲ್ಲ, ಸಾಲದ ಫೈಲಿನಲ್ಲಿ.

ಇಸಿಯಲ್ಲಿ ಯಾಕೆ ಬರಲಿಲ್ಲ ಅಂತ ನೀವೂ ಕೇಳುತ್ತೀರಿ, ನಾನೂ ಆಮೇಲೆ ವಕೀಲರನ್ನು ಕೇಳಿದೆ. ಇಸಿ ಅಂದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ವ್ಯವಹಾರಗಳ ಪಟ್ಟಿ, ಅಷ್ಟೇ. ನೋಂದಣಿ ಆಗದೇ ಇದ್ದದ್ದು ಅದರಲ್ಲಿ ಕಾಣೋದಿಲ್ಲ. ಮನೆಯ ಮೂಲ ಪತ್ರವನ್ನು ಬ್ಯಾಂಕಿನ ಕೈಗೆ ಕೊಟ್ಟು ಸಾಲ ತೆಗೆದರೆ, ಪತ್ರ ಒಪ್ಪಿಸಿದ್ದೇ ಅಡಮಾನ ಆಗಿಬಿಡುತ್ತದೆ. ಆ ಬಗ್ಗೆ ಕಾಗದ ಬರೆದು ನೋಂದಾಯಿಸಿದ್ದರೆ ಇಸಿಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮದರಲ್ಲಿ ಇರಲಿಲ್ಲ. ಹಾಗಾಗಿ ಇಸಿ ಕ್ಲೀನ್ ಇದೆ ಅಂದರೆ ಸಾಲ ಇಲ್ಲ ಅಂತಲ್ಲ. ಒರಿಜಿನಲ್ ಕ್ರಯಪತ್ರ ಓನರ್ ಕೈಯಲ್ಲಿದೆಯಾ ಅನ್ನೋದೇ ನಿಜವಾದ ಪರೀಕ್ಷೆ. "ಲಾಕರ್‌ನಲ್ಲಿದ್ದರೆ ಶನಿವಾರ ಹೋಗಿ ತೆಗೆದುಕೊಂಡು ಬನ್ನಿ ಅಂಕಲ್, ನೋಡಿ ವಾಪಸ್ ಕೊಡ್ತೀನಿ" ಅನ್ನಬೇಕಿತ್ತು ನಾನು. ಅನ್ನಲಿಲ್ಲ. ಸಂಕೋಚ. ಹೋಳಿಗೆ ಬೇರೆ ತಿಂದಿದ್ದೆ.

ಇನ್ನೊಂದು ದಾರಿಯೂ ಇತ್ತು, ಆಗ ನನಗೆ ಗೊತ್ತಿರಲಿಲ್ಲ. ಸೆರ್ಸೈ (CERSAI) ಅಂತ ಒಂದು ಕೇಂದ್ರೀಯ ನೋಂದಣಿ ಇದೆ, 2011ರಲ್ಲಿ ಶುರುವಾಗಿದ್ದು. ಬ್ಯಾಂಕುಗಳು ಯಾವ ಆಸ್ತಿಯ ಮೇಲೆ ಸಾಲ ಕೊಟ್ಟಿವೆ ಅಂತ ಅಲ್ಲಿ ದಾಖಲಿಸುತ್ತವೆ. ಪತ್ರ ಇಟ್ಟುಕೊಂಡು ಕೊಟ್ಟ ಸಾಲವೂ ಸೇರಿ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು. ಕೈಸಾಲ, ಫೈನಾನ್ಸ್ ಮಾಡುವ ವ್ಯಕ್ತಿಗಳ ಹತ್ತಿರ ಇಟ್ಟ ಪತ್ರ ಅಲ್ಲಿ ಸಿಗೋದಿಲ್ಲ. ಆದ್ದರಿಂದ ಅದನ್ನು ನೋಡಿದರೂ ಒರಿಜಿನಲ್ ಪತ್ರ ಕೇಳೋದನ್ನು ಬಿಡಬೇಡಿ.

2019ರಲ್ಲಿ ಒಂದು ಸಂಜೆ ಡ್ಯೂಟಿ ಮುಗಿಸಿ ಬಂದರೆ ಮೀಟರ್ ಬೋರ್ಡಿನ ಪಕ್ಕದ ಗೋಡೆಗೆ ಕಾಗದ ಅಂಟಿಸಿದ್ದರು. ಗೋಂದು ಇನ್ನೂ ಒಣಗಿರಲಿಲ್ಲ, ಕೆಳಗಿನ ಮೂಲೆ ಸುರುಳಿ ಸುತ್ತಿಕೊಂಡಿತ್ತು. ಸಾಲದ ಮೊತ್ತ, ಓನರ್ ಹೆಸರು, ಮನೆಯ ಚೆಕ್ಕುಬಂದಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಸೈಟು. ಕೆಳಗೆ, ಈ ಆಸ್ತಿಯ ಜೊತೆ ಯಾರೂ ವ್ಯವಹಾರ ಮಾಡಬಾರದು ಅಂತ ಎಚ್ಚರಿಕೆ. ನಾವು ಆಗಲೇ 9 ಲಕ್ಷದ ವ್ಯವಹಾರ ಮಾಡಿ ಒಳಗೆ ಕೂತಿದ್ದೆವು. ಗ್ರೌಂಡ್ ಫ್ಲೋರಿನವರೂ ಎರಡನೇ ಮಹಡಿಯವರೂ ಲೀಸೇ. ಮೂರೂ ಮನೆಯವರು ಮೆಟ್ಟಿಲ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಓನರ್ ಫೋನ್ ಸ್ವಿಚ್ ಆಫ್.

ಬ್ಯಾಂಕಿನವರು ರೇಗಲಿಲ್ಲ. ನೀರು ಕೊಟ್ಟು ಕೂರಿಸಿಯೇ ಹೇಳಿದರು: ನೀವು ಕೊಟ್ಟ ದುಡ್ಡಿಗೂ ನಮಗೂ ಸಂಬಂಧ ಇಲ್ಲ. 2002ರ ಸರ್ಫೇಸಿ ಕಾಯ್ದೆ ಅಂತ ಇದೆ. ಸಾಲ ಕಟ್ಟದವನಿಗೆ ಬ್ಯಾಂಕು 60 ದಿನದ ನೋಟಿಸ್ ಕೊಡುತ್ತದೆ. ಆಗಲೂ ಕಟ್ಟದಿದ್ದರೆ ಕೋರ್ಟಿನಲ್ಲಿ ದಾವೆ ಹೂಡದೇ ಆಸ್ತಿಯನ್ನು ವಶಕ್ಕೆ ತಗೊಂಡು ಹರಾಜು ಹಾಕಬಹುದು. ಆ 60 ದಿನದ ನೋಟಿಸ್ ಓನರ್‌ಗೆ ಯಾವಾಗಲೋ ಬಂದಿತ್ತು. ನಮಗೆ ಯಾಕೆ ಹೇಳುತ್ತಾರೆ?

ಸ್ಟೇಷನ್‌ಗೆ ಹೋದರೆ ಸಿವಿಲ್ ಮ್ಯಾಟರ್ ಅಂದರು. ವಕೀಲರು ನಮ್ಮ ಅಗ್ರಿಮೆಂಟ್ ನೋಡಿ ಮೇಜಿನ ಮೇಲೆ ಇಟ್ಟರು. 200 ರೂಪಾಯಿ ಸ್ಟಾಂಪ್ ಪೇಪರ್, ನೋಟರಿ ಸೀಲು, 3 ವರ್ಷದ ಅವಧಿ. 1908ರ ನೋಂದಣಿ ಕಾಯ್ದೆಯಲ್ಲಿ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ನೋಂದಣಿ ಆಗಲೇಬೇಕು. ಊರೆಲ್ಲ ಬಾಡಿಗೆ ಕರಾರನ್ನು 11 ತಿಂಗಳಿಗೆ ಬರೆಯೋದು ಇದಕ್ಕೇ. ನೋಂದಣಿ ಇದ್ದಿದ್ದರೆ ಸಾಲ ವಸೂಲಿ ನ್ಯಾಯಮಂಡಳಿಗೆ, ಅದೇ ಡಿಆರ್‌ಟಿಗೆ, ಹೋಗಿ ನಮ್ಮ ಹಕ್ಕು ಕೇಳಲು ಸ್ವಲ್ಪ ಕಾಲೂರಲು ಜಾಗ ಇರುತ್ತಿತ್ತು. ಲೀಸ್‌ದಾರರೂ ಅಲ್ಲಿಗೆ ಹೋಗಬಹುದು. ಆದರೆ ಮನೆ ಅಡ ಬಿದ್ದಿದ್ದು ನಮಗಿಂತ ಮೊದಲು, ನಮ್ಮ ಕಾಗದ ನೋಟರಿಯದ್ದು. "ಇದನ್ನಿಟ್ಟುಕೊಂಡು ಬ್ಯಾಂಕಿನ ಜೊತೆ ಹೋರಾಡೋ ಬದಲು ಓನರ್ ಹಿಂದೆ ಬೀಳಿ" ಅಂದರು ವಕೀಲರು.

ಬಿದ್ದೆವು. ಓನರ್ ತಮ್ಮನ ಮನೆ ಪತ್ತೆಯಾಯಿತು, ಹಿರಿಯರನ್ನು ಕೂರಿಸಿ ಮಾತಾಯಿತು, ಓನರ್ ಚೆಕ್ ಕೊಟ್ಟ, ಬೌನ್ಸ್ ಆಯಿತು. ಈ ಚೆಕ್ಕೇ ನಮ್ಮನ್ನು ಅಷ್ಟಿಷ್ಟು ಉಳಿಸಿದ್ದು. ಬೌನ್ಸ್ ಆಗಿದ್ದು ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೇಸ್ ಹಾಕಬೇಕು. ವಕೀಲರು ತಾರೀಖು ತಪ್ಪಿಸಲಿಲ್ಲ. ಜೈಲಿನ ಭಯಕ್ಕೆ ಕಂತು ಕಂತಾಗಿ 4 ಲಕ್ಷ ಕೊಟ್ಟ. ನಡುವೆ ಕೊರೋನಾ ಬಂತು, ಕೋರ್ಟು ನಿಂತಿತು. ಉಳಿದ 5 ಲಕ್ಷದ ಆಸೆ ಬಿಟ್ಟೆವು. ಮಾವ ಮಾತ್ರ ಇವತ್ತಿಗೂ ಆ ಒಂದೂವರೆ ಲಕ್ಷದ ಬಗ್ಗೆ ಒಂದು ಮಾತೂ ಎತ್ತಿಲ್ಲ. ಎತ್ತಿದ್ದರೇ ಚೆನ್ನಾಗಿತ್ತೇನೋ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಾಡಿಗೆ ದಂಡ ಅನ್ನೋ ಲೆಕ್ಕವನ್ನೇ ನಾನು ಒಪ್ಪೋದಿಲ್ಲ. ಲೀಸ್ ಮನೆ ಬಿಟ್ಟಿ ಅಂತ ನೀವು ಅಂದುಕೊಂಡಿದ್ದೀರಿ, ನಾನೂ ಅಂದುಕೊಂಡಿದ್ದೆ. ನನ್ನ ಲೆಕ್ಕ ನೋಡಿ. ನನ್ನ 9 ಲಕ್ಷದಲ್ಲಿ ಒಡವೆ ಸಾಲದ 2 ಲಕ್ಷಕ್ಕೆ ತಿಂಗಳಿಗೆ 2 ಸಾವಿರ ಬಡ್ಡಿ ಕಟ್ಟುತ್ತಿದ್ದೆ. ಉಳಿದ 7 ಲಕ್ಷವನ್ನು ಶೇ. 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ವರ್ಷಕ್ಕೆ 49 ಸಾವಿರ, ತಿಂಗಳಿಗೆ 4 ಸಾವಿರದ ಮೇಲೆ ಬರುತ್ತಿತ್ತು. ಎರಡೂ ಸೇರಿ 6 ಸಾವಿರ ಚಿಲ್ಲರೆ. ಅಂದರೆ 9,500 ಬಾಡಿಗೆಯ ಮನೆಯಲ್ಲಿ ನಾನು ನಿಜಕ್ಕೂ ಉಳಿಸಿದ್ದು ತಿಂಗಳಿಗೆ ಮೂರೂವರೆ ಸಾವಿರವೂ ಅಲ್ಲ. ಎತ್ತಿದ ಚೀಟಿಯ ಕಂತು ಬೇರೆ ಕಟ್ಟುತ್ತಲೇ ಇದ್ದೆ. ಈ ಮೂರೂವರೆ ಸಾವಿರಕ್ಕೆ 9 ಲಕ್ಷ ಒತ್ತೆ ಇಟ್ಟೆ.

ಬಾಡಿಗೆ ಮನೆಯಲ್ಲಿ ಓನರ್ ದಿವಾಳಿಯಾದರೆ ಹೆಚ್ಚೆಂದರೆ ಅಡ್ವಾನ್ಸ್ ಹೋಗುತ್ತದೆ. ನಮ್ಮ ಬೆಂಗಳೂರಿನ 10 ತಿಂಗಳ ಅಡ್ವಾನ್ಸ್ ಕೂಡ ಕಮ್ಮಿ ಅಲ್ಲ, ಆದರೂ ಅದು ಜೀವಮಾನದ ಗಂಟಲ್ಲ.

ಲೀಸ್ ಕೊಡುವ ಓನರ್ ಯಾಕೆ ಕೊಡುತ್ತಾನೆ ಅಂತ ಯೋಚನೆ ಮಾಡಿ. ಅವನಿಗೆ ಒಟ್ಟಿಗೆ ದುಡ್ಡು ಬೇಕು. ಮಗಳ ಮದುವೆ, ಹಳೇ ಕೈಸಾಲ, ಇಲ್ಲ ಮೇಲೆ ಇನ್ನೊಂದು ಫ್ಲೋರ್ ಕಟ್ಟೋದು. ನೀವು ಅವನಿಗೆ ಸಾಲ ಕೊಡುತ್ತಿದ್ದೀರಿ, ಬಡ್ಡಿ ಬದಲು ಮನೆಯಲ್ಲಿ ಇರುತ್ತೀರಿ. ಅವಧಿ ಮುಗಿದಾಗ ನಿಮ್ಮ ದುಡ್ಡು ಅವನ ಹತ್ತಿರ ಇರೋದಿಲ್ಲ. ಹೊಸದಾಗಿ ಲೀಸ್‌ಗೆ ಬರುವವನ ದುಡ್ಡನ್ನು ಈಸಿಕೊಂಡು ನಿಮಗೆ ಕೊಡುತ್ತಾನೆ. ಸುಮ್ನೆ ಹೇಳುತ್ತಿಲ್ಲ, ನಮ್ಮ ಬಿಲ್ಡಿಂಗ್‌ನಲ್ಲಿ ಗ್ರೌಂಡ್ ಫ್ಲೋರಿನವರ ಲೀಸ್ ಹಣದಲ್ಲೇ ಎರಡನೇ ಮಹಡಿ ಎದ್ದಿದ್ದು. ಗೋಡೆಗೆ ಬ್ಯಾಂಕಿನ ಕಾಗದ ಬಿದ್ದ ದಿನ ಹೊಸಬರು ಬರೋದು ನಿಲ್ಲುತ್ತದೆ, ಅಲ್ಲಿಗೆ ಎಲ್ಲಾ ನಿಂತಹಾಗೆ. ಅದಕ್ಕೆ ನಾನು ಹೇಳೋದು: 8 ಲಕ್ಷ ಸಾಲ ಕೊಡುವಾಗ ಬ್ಯಾಂಕ್ ಮ್ಯಾನೇಜರ್ ಎಷ್ಟು ಅನುಮಾನ ಪಡುತ್ತಾನೋ ಅಷ್ಟು ನೀವೂ ಪಡಿ.

ಲೀಸ್‌ಗೆ ಹೋಗಲೇಬಾರದು ಅಂತ ನಮ್ಮ ಸಂಬಂಧಿಕರಿಗೆಲ್ಲ ಹೇಳುತ್ತೇನೆ, ಯಾರೂ ಕೇಳೋದಿಲ್ಲ. ನೀವೂ ಕೇಳದಿದ್ದರೆ ಇಷ್ಟಾದರೂ ಮಾಡಿ. ಒರಿಜಿನಲ್ ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಡಿ, ಬಣ್ಣದ ಜೆರಾಕ್ಸ್ ಅಲ್ಲ. ಇಸಿಯನ್ನು ನೀವೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಯಿರಿ, ಇವತ್ತಿನ ತಾರೀಖಿನವರೆಗೆ. ಮನೆ ಮೇಲೆ ಸಾಲ ಇದೆ ಅಂತ ಓನರ್ ಒಪ್ಪಿಕೊಂಡರೆ ಅವನು ಪ್ರಾಮಾಣಿಕ, ಆದರೂ ಬ್ಯಾಂಕಿನಿಂದ ಬರವಣಿಗೆಯಲ್ಲಿ ಒಪ್ಪಿಗೆ ಪತ್ರ ಬರುವ ತನಕ ದುಡ್ಡು ಬಿಚ್ಚಬೇಡಿ. ಲೀಸನ್ನು ಸಬ್ ರಿಜಿಸ್ಟ್ರಾರ್ ಹತ್ತಿರ ನೋಂದಾಯಿಸಿ. ಸ್ಟಾಂಪ್ ಡ್ಯೂಟಿ ಜಾಸ್ತಿ ಅಂತ ಓನರ್ ಗೊಣಗುತ್ತಾನೆ. ನಿಜವಾದ ಕಾರಣ ಬೇರೆ ಇರಬಹುದು: ನೋಂದಣಿಯಾದ ಲೀಸ್ ಇಸಿಯಲ್ಲಿ ಕಾಣುತ್ತದೆ, ಆಮೇಲೆ ಅದೇ ಮನೆ ಮೇಲೆ ಸಾಲ ಹುಟ್ಟೋದು ಕಷ್ಟ. ಖರ್ಚು ಅರ್ಧ ನಾನು ಹಾಕುತ್ತೇನೆ ಅನ್ನಿ. ಆಗಲೂ ಒಪ್ಪದಿದ್ದರೆ ಎದ್ದು ಬನ್ನಿ.

"ಅರ್ಧ ಕ್ಯಾಶ್ ಕೊಡಿ" ಅಂದರೂ ಎದ್ದು ಬನ್ನಿ. 20 ಸಾವಿರ ಮತ್ತು ಅದಕ್ಕಿಂತ ಮೇಲಿನ ಠೇವಣಿಯನ್ನು ನಗದಾಗಿ ಪಡೆಯೋದನ್ನು ಆದಾಯ ತೆರಿಗೆ ಕಾನೂನು ಒಪ್ಪೋದಿಲ್ಲ. ಅದಕ್ಕಿಂತ ಮುಖ್ಯ, ಕೊಟ್ಟಿದ್ದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇರೋದಿಲ್ಲ. ನಾನು ಪೂರ್ತಿ ಬ್ಯಾಂಕಿನ ಮೂಲಕ ಕೊಟ್ಟಿದ್ದೆ. ಓನರ್ "ಇಷ್ಟು ತಗೊಂಡೇ ಇಲ್ಲ" ಅನ್ನಲು ಆಗಲಿಲ್ಲ.

ನಡುವೆ ಕಂಪನಿ ಇಟ್ಟುಕೊಂಡು ಲೀಸ್ ಕೊಡುವವರಿದ್ದಾರೆ. ನಿಮ್ಮಿಂದ ಲಕ್ಷಗಟ್ಟಲೆ ಒಟ್ಟಿಗೆ ತಗೊಂಡು ಮನೆ ಓನರ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಪದ್ಧತಿ. ಕಂಪನಿ ಬಾಗಿಲು ಹಾಕಿದ ದಿನ ಓನರ್ ನಿಮ್ಮ ಮನೆ ಮುಂದೆ ನಿಂತು ಬಾಡಿಗೆ ಕೇಳುತ್ತಾನೆ, ನಿಮ್ಮ ಮುಖವನ್ನೇ ಅವನು ನೋಡಿರೋದಿಲ್ಲ. ಇದರ ಹತ್ತಿರವೂ ಸುಳಿಯಬೇಡಿ.

ನಾನೀಗ ನಾಗಸಂದ್ರದ ಕಡೆ ಬಾಡಿಗೆ ಮನೆಯಲ್ಲಿದ್ದೇನೆ, 12 ಸಾವಿರ. ಒಡವೆ ಬಿಡಿಸಿಕೊಂಡಾಗಿದೆ. ತಿಂಗಳಿಗೆ ಸ್ವಲ್ಪ ಆರ್‌ಡಿ ಕಟ್ಟುತ್ತೇನೆ. ಅಕ್ಕಪಕ್ಕದವರು "ಇಷ್ಟು ವರ್ಷ ಬಾಡಿಗೆ ಕಟ್ಟಿದ್ರಲ್ಲಿ ಸೈಟೇ ಬರ್ತಿತ್ತಲ್ವಾ" ಅನ್ನುತ್ತಾರೆ. ಬರುತ್ತಿತ್ತೇನೋ.

ನಿಮ್ಮ ಟೋಕನ್ ವಿಷಯ. ಈ ವಾರವೇ ಹೋಗಿ ಒರಿಜಿನಲ್ ತೋರಿಸಿ ಅನ್ನಿ. "ಬ್ಯಾಂಕಲ್ಲಿದೆ" ಅಂದರೆ ಯಾವ ಬ್ಯಾಂಕು, ಯಾವ ಬ್ರಾಂಚು, ಲಾಕರಾ ಸಾಲನಾ ಅಂತ ಮುಖಕ್ಕೆ ಮುಖ ಕೊಟ್ಟು ಕೇಳಿ. ತಡವರಿಸಿದರೆ ಟೋಕನ್ ವಾಪಸ್ ಕೇಳಿ. ಕೊಡದಿದ್ದರೆ ಆ 20 ಸಾವಿರ ಬಿಟ್ಟು ಬನ್ನಿ. ಅವರು ಊಟಕ್ಕೆ ಕರೆದರೆ ಪತ್ರ ನೋಡಿದ ಮೇಲೆ ಊಟ ಮಾಡಿ.