ಮರಿ ಹಾವಿನ ಊಟ, ಮರಿ ಹಾವಿನ ಕಡಿತ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಬೆಂಗಳೂರಿನ ಗೆಳೆಯನಿಂದ ಬಾಲ್ ಪೈಥಾನ್ ಜಾತಿಯ ಹಾವಿನ ಮರಿಯೊಂದನ್ನು ತಂದು ಸಾಕಿದ್ದಾನೆ. ಅದಕ್ಕೆ ಮೂರು ತಿಂಗಳಂತೆ. ಮನೆಗೆ ಬಂದ ಮರುದಿನ ಕೊಟ್ಟ ಇಲಿಮರಿಯನ್ನು ನುಂಗಿ, ಎರಡು ದಿನ ಬಿಟ್ಟು ಕಕ್ಕಿತು. ಆಮೇಲೆ ಹದಿನೈದು ದಿನವಾದರೂ ಏನನ್ನೂ ಮುಟ್ಟಿಲ್ಲ. ಸಾಲದ್ದಕ್ಕೆ ಅವನ ಕೈಗೆ ಎರಡು ಸಲ ಕಚ್ಚಿದೆ. ಅವನು ನಗುತ್ತಾನೆ, ನಮಗೆ ನಿದ್ದೆಯಿಲ್ಲ. ಏನು ಮಾಡಬೇಕು?
— ಒಬ್ಬ ತಾಯಿ, ಧಾರವಾಡ

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಚಾರ. ಬಾಲ್ ಪೈಥಾನ್ ಎಂಬುದು ಆಫ್ರಿಕಾ ಖಂಡದ ಒಂದು ಸಣ್ಣ ಹೆಬ್ಬಾವು; ಅದಕ್ಕೆ ವಿಷವಿಲ್ಲ. ಮೂರು ತಿಂಗಳ ಮರಿಯ ಕಡಿತವೆಂದರೆ ಸೂಜಿ ತರಚಿದಂತಹ ನಾಲ್ಕಾರು ಗೀರುಗಳು, ಒಂದೆರಡು ಹನಿ ರಕ್ತ, ಅಷ್ಟೇ. ಸೋಪು ಹಚ್ಚಿ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು ನಂಜುನಿರೋಧಕ ಮುಲಾಮು ಹಚ್ಚಿದರೆ ಸಾಕು. ಟಿಟಿ ಇಂಜೆಕ್ಷನ್ ತೆಗೆದುಕೊಂಡು ಬಹಳ ವರ್ಷಗಳಾಗಿದ್ದರೆ ಹತ್ತಿರದ ವೈದ್ಯರನ್ನು ಕೇಳಲಿ. ಮರುದಿನ ಕೆಂಪೇರಿ ಬಾತುಕೊಂಡರೆ ಮಾತ್ರ ತಡಮಾಡದೆ ತೋರಿಸಬೇಕು.

ಆದರೆ ಆ ಕಡಿತ ಎಂತಹದ್ದು ಎಂದು ಮಗನನ್ನು ಕೇಳಿ. ಮಿಂಚಿನಂತೆ ಬಡಿದು ಕೂಡಲೇ ಬಿಟ್ಟುಬಿಟ್ಟಿದ್ದರೆ ಅದು ಹೆದರಿಕೆಯ ಕಡಿತ. ಕಚ್ಚಿ ಹಿಡಿದು ಬೆರಳಿಗೆ ಸುತ್ತಿಕೊಂಡಿದ್ದರೆ ಅದು ಹಸಿವಿನ ಕಡಿತ, ಎಂದರೆ ಕೈಯನ್ನೇ ಇಲಿಯೆಂದು ತಿಳಿದದ್ದು. ಎರಡಕ್ಕೂ ಪರಿಹಾರ ಬೇರೆ ಬೇರೆ. ನೀವು ಬರೆದದ್ದನ್ನು ನೋಡಿದರೆ ನನಗೆ ಮೊದಲನೆಯದೇ ಎನ್ನಿಸುತ್ತದೆ. ಊರು ಬದಲಾಗಿ, ಪೆಟ್ಟಿಗೆ ಬದಲಾಗಿ ಕಂಗಾಲಾಗಿದ್ದ ಮರಿಗೆ ಮರುದಿನವೇ ಊಟ ಕೊಟ್ಟದ್ದು ಅವಸರವಾಯಿತು. ಹೊಸ ಮನೆಗೆ ಬಂದ ಹಾವನ್ನು ಕನಿಷ್ಠ ಒಂದು ವಾರ ಮುಟ್ಟದೆ, ಗೆಳೆಯರಿಗೆಲ್ಲ ತೋರಿಸದೆ, ನೀರಿನ ಬಟ್ಟಲೊಂದನ್ನಿಟ್ಟು ಸುಮ್ಮನೆ ಬಿಡಬೇಕು.

ಕಕ್ಕಿದ್ದಕ್ಕೆ ಬಹುಮಟ್ಟಿಗೆ ನಮ್ಮ ಧಾರವಾಡದ ಹವೆಯೇ ಕಾರಣವಿರಬೇಕು. ಹಾವಿಗೆ ತನ್ನದೇ ಮೈಕಾವು ಇಲ್ಲ. ಸುತ್ತಲಿನ ಬಿಸಿಯಿಂದಲೇ ಅದರ ಹೊಟ್ಟೆ ಅರಗಿಸಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮಗೇ ರಗ್ಗು ಬೇಕೆನಿಸುವಾಗ ನುಂಗಿದ ಇಲಿ ಅದರ ಹೊಟ್ಟೆಯಲ್ಲಿ ಅರಗದೆ ಕೊಳೆಯುತ್ತದೆ. ಪೆಟ್ಟಿಗೆಯ ಒಂದು ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ಬದಿ 26ರ ಆಸುಪಾಸು ಇರಲಿ. ಬಿಸಿಮಾಡುವ ಪಟ್ಟಿಯನ್ನು ಬಿಸಿ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಎಂದೂ ಬಳಸಬಾರದು. ಹೊಟ್ಟೆಯ ಚರ್ಮ ಸುಟ್ಟುಕೊಂಡ ಹಾವೊಂದಕ್ಕೆ ನಾನೇ ತಿಂಗಳುಗಟ್ಟಲೆ ಮುಲಾಮು ಹಚ್ಚಿದ್ದೇನೆ. ಎರಡೂ ಬದಿಯಲ್ಲಿ ಅಡಗುವ ಜಾಗ ಬೇಕು. ಅಂಗಡಿಯ ಪ್ಲಾಸ್ಟಿಕ್ ಗುಹೆಗೆ ಹಣ ಸುರಿಯಬೇಕಿಲ್ಲ. ಅಂಚು ಒಡೆದ ಸಣ್ಣ ಮಣ್ಣಿನ ಕುಡಿಕೆಯನ್ನು ಬೋರಲು ಹಾಕಿದರೆ ಅದಕ್ಕಿಂತ ಒಳ್ಳೆಯದು.

ಕಕ್ಕಿದ ಮೇಲೆ ಹೊಟ್ಟೆಯ ಒಳಪದರ ಸುಧಾರಿಸಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ಅವಧಿ ಕಳೆದಿದೆ, ಆದ್ದರಿಂದ ಬಿಸಿ ಸರಿಪಡಿಸಿ ಒಂದು ಸಣ್ಣ ಇಲಿಮರಿಯನ್ನು ಕೊಟ್ಟುನೋಡಿ. ಹಾವಿನ ಮೈಯ ಅತಿ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು. ಈ ಸಲವಂತೂ ಅದಕ್ಕಿಂತ ಸಣ್ಣದೇ ಇರಲಿ. ಶೈತ್ಯೀಕರಿಸಿದ ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಸಿನೀರಿನಲ್ಲಿ ಮುಳುಗಿಸಿ, ಒಳಗಿನ ಮಂಜುಗಡ್ಡೆ ಪೂರ್ತಿ ಕರಗಿ ಮೈ ಬೆಚ್ಚಗಾದ ಮೇಲೆ ಉದ್ದನೆಯ ಚಿಮಟದಲ್ಲಿ ಹಿಡಿದು ಕೊಡಬೇಕು. ಮೈಕ್ರೋವೇವ್‌ನಲ್ಲಿ ಕಾಯಿಸಬಾರದು, ಹೊರಗೆ ತಣ್ಣಗಿದ್ದು ಒಳಗೆ ಕುದಿಯುತ್ತಿರಬಹುದು. ಕಿರಾಣಿ ಅಂಗಡಿಯ ಬೋನಿಗೆ ಬಿದ್ದ ಇಲಿಯಂತೂ ಬೇಡವೇ ಬೇಡ, ಅದು ಇಲಿ ಪಾಷಾಣ ತಿಂದದ್ದಾಗಿರಬಹುದು. ಜೀವಂತ ಇಲಿಯನ್ನು ಬಿಟ್ಟು ನೋಡುವ ಕುತೂಹಲವೂ ಬೇಡ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸುತ್ತದೆ.

ಒಮ್ಮೆ ತಿನ್ನಲಾರಂಭಿಸಿದರೆ ಐದರಿಂದ ಏಳು ದಿನಕ್ಕೊಂದು ಊಟ ಸಾಕು. ಊಟವಾದ ಎರಡು ದಿನ ಅದನ್ನು ಕೈಗೆತ್ತಿಕೊಳ್ಳಬಾರದು. ಕಣ್ಣು ನೀಲಿಯಾಗಿ ಮಂಜುಗಟ್ಟಿದ್ದರೆ ಅದು ಪೊರೆ ಬಿಡುವ ಸಮಯ; ಆಗ ಬಹಳಷ್ಟು ಹಾವುಗಳು ತಿನ್ನುವುದಿಲ್ಲ, ಕಣ್ಣು ಸರಿಯಾಗಿ ಕಾಣದ್ದರಿಂದ ಬೇಗ ಕಚ್ಚುತ್ತವೆ. ಮೈ ಸೊರಗದಿದ್ದರೆ ಕೆಲವು ವಾರಗಳ ಉಪವಾಸಕ್ಕೆ ಹೆದರಬೇಕಿಲ್ಲ. ಸೊರಗುತ್ತಿದ್ದರೆ, ಮತ್ತೆ ಕಕ್ಕಿದರೆ ಅಥವಾ ಬಾಯಿಂದ ಲೋಳೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಸಿವಿನ ಕಡಿತದ ಬಗ್ಗೆಯೂ ಹೇಳಬೇಕು. ಒಮ್ಮೆ ಒಬ್ಬ ಯುವಕ ಹೆಬ್ಬೆರಳಿಗೆ ಹಾವನ್ನು ನೇತುಹಾಕಿಕೊಂಡೇ ನನ್ನ ಬಳಿ ಬಂದಿದ್ದ. ಇಲಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಪೆಟ್ಟಿಗೆಯೊಳಗೆ ಹಾಕಿದ್ದನಂತೆ. ದಾರಿಯುದ್ದಕ್ಕೂ ಎಳೆದು ಎಳೆದು ಚರ್ಮ ಹರಿದುಕೊಂಡಿದ್ದ. ಹಾವಿನ ಹಲ್ಲು ಒಳಮುಖವಾಗಿ ಬಾಗಿರುವುದರಿಂದ ಎಳೆದಷ್ಟೂ ಅದು ಆಳಕ್ಕೆ ಇಳಿಯುತ್ತದೆ. ಬಟ್ಟಲಿನ ತಣ್ಣೀರಿನಲ್ಲಿ ಕೈಯನ್ನು ಹಾವಿನ ಸಮೇತ ಮುಳುಗಿಸಿದೆ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಾಯಿ ಬಿಟ್ಟಿತು. ಗಾಯದಿಂದ ಒಂದು ಮುರಿದ ಹಲ್ಲನ್ನು ಚಿಮಟದಿಂದ ತೆಗೆದೆ, ಕೂದಲೆಳೆಯಂತಿತ್ತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಹಾವನ್ನು ಎತ್ತುವ ಮುಂಚೆ ಕೈ ತೊಳೆಯಿರಿ, ಸುತ್ತಿದ ಕಾಗದದಿಂದ ಅದರ ಮೈಯನ್ನು ಒಮ್ಮೆ ಮೆಲ್ಲಗೆ ಸವರಿ. ಬಂದದ್ದು ಊಟವಲ್ಲ ಎಂದು ಅದಕ್ಕೆ ತಿಳಿಯುತ್ತದೆ.

ಇನ್ನೊಂದು ವಿಷಯ. ಬಾಲ್ ಪೈಥಾನ್, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಇಂತಹ ಪ್ರಾಣಿಯನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಗೆಳೆಯ ಕಾಗದಪತ್ರ ಕೊಟ್ಟಿದ್ದಾನೆಯೇ ಎಂದು ಇಂದೇ ವಿಚಾರಿಸಿ.

ಪ್ರಶ್ನೆ: ನನ್ನ ಅಣ್ಣನ ಮಗ ಬಣವೆಯ ಬುಡದಲ್ಲಿ ಸಿಕ್ಕ ಒಂದು ಗೇಣುದ್ದದ ಹಾವಿನ ಮರಿಯನ್ನು ಡಬ್ಬಿಯಲ್ಲಿಟ್ಟು ಹಾಲು ಕುಡಿಸುತ್ತಿದ್ದಾನೆ. ಕಪ್ಪು ಮೈ, ಬಿಳಿ ಪಟ್ಟೆ. ಕೇರೆ ಮರಿ ಎನ್ನುತ್ತಾನೆ. ಕಚ್ಚಿದರೆ ಏನು ಹಚ್ಚಬೇಕು?
— ಹಾನಗಲ್ ತಾಲೂಕಿನ ಓದುಗರು

ಉತ್ತರ: ನಿಮ್ಮ ಪತ್ರಕ್ಕೆ ಅಚ್ಚಿನಲ್ಲಿ ಉತ್ತರಿಸುವವರೆಗೆ ಕಾಯಲಾಗಲಿಲ್ಲ, ಆದ್ದರಿಂದ ಅದರಲ್ಲಿದ್ದ ಸಂಖ್ಯೆಗೆ ಅಂದೇ ಫೋನ್ ಮಾಡಿದೆ. ಕಪ್ಪು ಮೈಯ ಬಿಳಿ ಪಟ್ಟೆ ಕೇರೆಯ ಗುರುತಲ್ಲ. ಅದು ವಿಷವಿಲ್ಲದ ತೋಳ ಹಾವಾಗಿರಬಹುದು, ಕಟ್ಟು ಹಾವೂ ಆಗಿರಬಹುದು. ಕಟ್ಟು ಹಾವಿನ ಮರಿಗೆ ಮೊಟ್ಟೆಯಿಂದ ಹೊರಬಂದ ದಿನದಿಂದಲೇ ವಿಷವಿರುತ್ತದೆ. ಅದು ಕಚ್ಚಿದ ಜಾಗದಲ್ಲಿ ನೋವು, ಊತ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಗಂಟೆಗಳ ನಂತರ ಹೊಟ್ಟೆನೋವು ಬರಬಹುದು, ರೆಪ್ಪೆ ಜೋಲುತ್ತವೆ, ಉಸಿರು ಕಟ್ಟುತ್ತದೆ.

ಹಚ್ಚುವಂತಹದ್ದು ಏನೂ ಇಲ್ಲ. ಗುರುತು ಖಚಿತವಿಲ್ಲದ ಹಾವು ಕಚ್ಚಿದರೆ ವಿಷದ ಹಾವೆಂದೇ ಭಾವಿಸಬೇಕು. ಕೊಯ್ಯಬಾರದು, ಚೀಪಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಉಂಗುರ, ಬಳೆ ತೆಗೆದು, ಮುರಿದ ಕೈಗೆ ಪಟ್ಟಿ ಕಟ್ಟುವಂತೆ ಕಟ್ಟಿಗೆಯ ಆಸರೆ ಕೊಟ್ಟು ಅಲುಗಾಡಿಸದೆ, 108ಕ್ಕೆ ಕರೆಮಾಡಿ ಪ್ರತಿವಿಷ ಸಿಗುವ ಆಸ್ಪತ್ರೆಗೆ ಒಯ್ಯಬೇಕು. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ.

ಹಾಲು ಹಾವಿನ ಆಹಾರವಲ್ಲ. ಬಾಯಾರಿದ್ದರೆ ಕುಡಿಯುತ್ತದೆ, ಆದರೆ ಅರಗಿಸಲಾರದು. ನಮ್ಮ ನೆಲದ ಹಾವನ್ನು ಹಿಡಿದು ಡಬ್ಬಿಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಫೋನಿನಲ್ಲಿ ಇಷ್ಟು ಹೇಳಿದ ಮೇಲೆ ನೀವು ಅರಣ್ಯ ಇಲಾಖೆಯವರನ್ನು ಕರೆಸಿದಿರಿ. ಅದು ತೋಳ ಹಾವೇ ಎಂದು ಅವರು ಹೇಳಿದರೆಂದು ಮರುದಿನ ತಿಳಿಸಿದಿರಿ. ಹುಡುಗ ಎರಡು ದಿನ ಊಟ ಬಿಟ್ಟಿದ್ದಾನೆ ಎಂದಿದ್ದೀರಿ. ಅದು ನನ್ನ ವಿಭಾಗವಲ್ಲ, ಅವನ ಅಜ್ಜಿಗೆ ಬಿಡಿ.