ಓದುಗರ ಪ್ರಶ್ನೆ: ಮೀನಿನ ತೊಟ್ಟಿಗೂ ಸೊಪ್ಪಿನ ತೊಟ್ಟಿಗೂ ನಡುವೆ ನೀರಿನ ಓಟ

ಪ್ರಶ್ನೆ: ತಾರಸಿಯ ಮೇಲೆ 500 ಲೀಟರಿನ ತೊಟ್ಟಿಯಲ್ಲಿ ಹದಿನೈದು ಜಿಲೇಬಿ ಮೀನುಗಳನ್ನು ಸಾಕಿದ್ದೇನೆ. ನೀಲಿ ಡ್ರಮ್ಮೊಂದನ್ನು ಉದ್ದಕ್ಕೆ ಸೀಳಿಸಿ ಮಾಡಿದ ಎರಡು ತೊಟ್ಟಿಗಳಲ್ಲಿ 20 ಎಂಎಂ ಜಲ್ಲಿ ತುಂಬಿ ಪಾಲಕ್, ಪುದೀನ ಬೆಳೆಯುತ್ತಿದ್ದೇನೆ. ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 1800 ಲೀಟರ್, ಗರಿಷ್ಠ ಎತ್ತರ 2 ಮೀಟರ್ ಎಂದಿದೆ; ನಾನು ಮೀನಿನ ತೊಟ್ಟಿಯಿಂದ ಗಿಡದ ತೊಟ್ಟಿಗಳಿಗೆ ನೀರನ್ನು ಎತ್ತಬೇಕಾದದ್ದು 1.2 ಮೀಟರ್; ಅಲ್ಲಿಂದ ಅದು ಮರಳಿ ಮೀನಿನ ತೊಟ್ಟಿಗೆ ಇಳಿಯುತ್ತದೆ. ಎರಡಕ್ಕೂ ಒಂದೇ ಅಳತೆಯ ಬೆಲ್ ಸೈಫನ್ (ತೊಟ್ಟಿಯೊಳಗೆ ನಿಂತ ಪೈಪಿನ ಮೇಲೆ ಟೋಪಿ ಕವುಚಿ ಮಾಡಿದ, ತೊಟ್ಟಿ ತುಂಬಿದಾಗ ನೀರನ್ನು ತಾನಾಗಿಯೇ ಹೊರಗೆಳೆಯುವ ಸಾಧನ) ಮಾಡಿಸಿದ್ದೇನೆ. ಪಂಪಿಗೆ ಹತ್ತಿರದ ತೊಟ್ಟಿಯ ಸೈಫನ್ ಒಮ್ಮೆ ಹಿಡಿದರೆ ನಿಲ್ಲುವುದೇ ಇಲ್ಲ. ದೂರದ್ದು ಹಿಡಿಯುವುದೇ ಇಲ್ಲ. ಪಂಪಿನ ಬಾಯಲ್ಲಿರುವ ವಾಲ್ವನ್ನು ಅರ್ಧ ಮುಚ್ಚಿದಾಗ ಹತ್ತಿರದ್ದು ನಿಂತಿತು, ಆದರೆ ದೂರದ ತೊಟ್ಟಿಗೆ ನೀರೇ ಹೋಗದಾಯಿತು. ಕರೆಂಟ್ ಬಿಲ್ಲಿಗೆ ಹೆದರಿ ರಾತ್ರಿ ಹತ್ತರಿಂದ ಬೆಳಿಗ್ಗೆ ಎಂಟರವರೆಗೆ ಪಂಪನ್ನು ನಿಲ್ಲಿಸುತ್ತೇನೆ. ಈಚೆಗೆ ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಲ್ಲುತ್ತಿವೆ. ಪಂಪನ್ನೇ ಬದಲಿಸಬೇಕೇ?
ಓದುಗರೊಬ್ಬರು, ಮೈಸೂರು

ಉತ್ತರ: ಪಂಪನ್ನು ಬದಲಿಸುವುದು ಬೇಡ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ ಬಂದಿರುವ ಸಂಗತಿಯನ್ನು ನಾನು ಮೊದಲು ಎತ್ತಿಕೊಳ್ಳಬೇಕಾಗಿದೆ, ಏಕೆಂದರೆ ಸೈಫನ್ ಎರಡು ದಿನ ಕಾಯಬಹುದು, ಮೀನು ಕಾಯಲಾರದು. ರಾತ್ರಿಯೆಲ್ಲ ಮೀನು, ಪಾಚಿ, ಜಲ್ಲಿಯ ಮೇಲಿನ ಬ್ಯಾಕ್ಟೀರಿಯಾ ಎಲ್ಲವೂ ನೀರಿನ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಬಿಸಿಲಿಲ್ಲದ ಕಾರಣ ಪಾಚಿಯಿಂದ ಮರಳಿ ಸೇರುವುದು ಏನೂ ಇರುವುದಿಲ್ಲ. ಆದ್ದರಿಂದ ಬೆಳಗಿನ ಜಾವದಲ್ಲಿ ಅದರ ಮಟ್ಟ ದಿನದಲ್ಲೇ ಅತಿ ಕೆಳಗಿರುತ್ತದೆ. ನೀರು ಮೇಲಿನಿಂದ ಬಿದ್ದು ಗಾಳಿಯನ್ನು ಬೆರೆಸಿಕೊಳ್ಳಬೇಕಾದ ಆ ಹೊತ್ತಿನಲ್ಲೇ ನಿಮ್ಮ ಪಂಪು ನಿಂತಿರುತ್ತದೆ. ಕಡಿಮೆ ಆಮ್ಲಜನಕವನ್ನು ಗೆಂಡೆಯಂಥ ಮೀನುಗಳಿಗಿಂತಲೂ ಚೆನ್ನಾಗಿ ತಡೆದುಕೊಳ್ಳಬಲ್ಲ ಜಿಲೇಬಿ ಮೀನೇ ಬಾಯಿ ತೆರೆದು ನಿಂತಿದೆಯೆಂದರೆ ಪರಿಸ್ಥಿತಿ ಹಗುರವಾದದ್ದಲ್ಲ. ಇನ್ನು ಬಿಲ್ಲಿನ ಲೆಕ್ಕ: ಪಂಪು 30 ವಾಟಿನದು ಎಂದಿಟ್ಟುಕೊಂಡರೆ, ರಾತ್ರಿ ಹತ್ತು ಗಂಟೆ ನಿಲ್ಲಿಸುವುದರಿಂದ ಉಳಿಯುವುದು ತಿಂಗಳಿಗೆ 9 ಯೂನಿಟ್. ಈ ಉಳಿತಾಯಕ್ಕಾಗಿ ಹದಿನೈದು ಮೀನುಗಳನ್ನು ಅಪಾಯಕ್ಕೆ ಒಡ್ಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ಇಂದಿನಿಂದಲೇ ಪಂಪು ರಾತ್ರಿಯೂ ಓಡಲಿ. ಅದಾದ ಮೇಲೂ ಮೀನು ಮೇಲೆ ಬರುತ್ತಿದ್ದರೆ ನೀರಿನ ಅಮೋನಿಯಾ ಮತ್ತು ನೈಟ್ರೈಟನ್ನು ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಿಟ್‌ನಿಂದ ಪರೀಕ್ಷಿಸಿ, ಏಕೆಂದರೆ ನೈಟ್ರೈಟ್ ಹೆಚ್ಚಾದಾಗಲೂ ಮೀನು ಹೀಗೆಯೇ ಏದುಸಿರು ಬಿಡುತ್ತದೆ.

ಈಗ ನೀರಿನ ಓಟಕ್ಕೆ ಬರೋಣ. ಪೆಟ್ಟಿಗೆಯ ಮೇಲಿನ 1800 ಲೀಟರ್ ಎಂಬುದು ನೀರನ್ನು ಸ್ವಲ್ಪವೂ ಎತ್ತದಿದ್ದಾಗ ಬರುವ ಪ್ರಮಾಣ. ಗರಿಷ್ಠ ಎತ್ತರವಾದ 2 ಮೀಟರಿನಲ್ಲಿ ಬರುವುದು ಸೊನ್ನೆ. ಇವೆರಡರ ನಡುವೆ ಪ್ರಮಾಣ ಹೆಚ್ಚುಕಡಿಮೆ ಸಮನಾಗಿ ಇಳಿಯುತ್ತ ಹೋಗುತ್ತದೆ ಎಂದುಕೊಂಡರೆ, 1.2 ಮೀಟರಿನಲ್ಲಿ ನಿಮಗೆ ಸಿಗುವುದು ಗಂಟೆಗೆ 720 ಲೀಟರಿನಷ್ಟು. ಪೈಪಿನ ಉದ್ದ ಮತ್ತು ಪ್ರತಿಯೊಂದು ಎಲ್ಬೋ ಅದರಲ್ಲೂ ಒಂದಿಷ್ಟನ್ನು ತಿನ್ನುತ್ತವೆ. ಈ ಎತ್ತರವನ್ನು ಮೀನಿನ ತೊಟ್ಟಿಯ ನೀರಿನ ಮಟ್ಟದಿಂದ ಅಳೆಯಬೇಕೇ ಹೊರತು ತಳದಲ್ಲಿ ಕುಳಿತ ಪಂಪಿನಿಂದ ಅಲ್ಲ. ಲೆಕ್ಕ ಹಾಕುವುದಕ್ಕಿಂತ ಅಳೆಯುವುದೇ ಮೇಲು. ಗಿಡದ ತೊಟ್ಟಿಗೆ ನೀರು ಬೀಳುವ ಕಡೆ 10 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿ: 75 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 8 ಲೀಟರ್, ಅಂದರೆ ಗಂಟೆಗೆ 480 ಲೀಟರ್.

ಎಷ್ಟಿರಬೇಕು? ಮೀನಿನ ತೊಟ್ಟಿಯಲ್ಲಿರುವಷ್ಟು ನೀರು ಗಂಟೆಗೊಮ್ಮೆ ಜಲ್ಲಿಯ ಮೂಲಕ ಹಾದುಬರಬೇಕೆಂಬುದು ಮನೆಮಟ್ಟದ ಅಕ್ವಾಪೋನಿಕ್ಸಿನಲ್ಲಿ, ಅಂದರೆ ಮೀನಿನ ತೊಟ್ಟಿಯ ನೀರಿನಿಂದಲೇ ಗಿಡ ಬೆಳೆಸುವ ಈ ಪದ್ಧತಿಯಲ್ಲಿ, ರೂಢಿಯಾಗಿರುವ ಅಳತೆ. ಮೀನು ಕಿವಿರಿನ ಮೂಲಕ ಬಿಡುವ ಅಮೋನಿಯಾವನ್ನು ನೈಟ್ರೈಟಾಗಿಯೂ ಆಮೇಲೆ ಗಿಡಕ್ಕೆ ಒಗ್ಗುವ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಜಲ್ಲಿಯಲ್ಲಿ. ನೀರು ಅಲ್ಲಿಗೆ ತಲುಪದಿದ್ದರೆ ಅವುಗಳಿಗೆ ಕೆಲಸವಿಲ್ಲ, ಮೀನಿಗೆ ಬಿಡುಗಡೆಯಿಲ್ಲ. ನಿಮಗೆ ಬೇಕಾದದ್ದು ಎರಡೂ ತೊಟ್ಟಿಗಳಿಗೆ ಸೇರಿ ಗಂಟೆಗೆ 500 ಲೀಟರ್. ನಿಮ್ಮ ಪಂಪು ಅಷ್ಟನ್ನು ಕೊಡಬಲ್ಲದು. ಕೊರತೆಯಿರುವುದು ಹಂಚಿಕೆಯಲ್ಲಿ.

ಒಂದೇ ಪೈಪಿನಿಂದ ಕವಲೊಡೆದ ನೀರು ತನಗೆ ಸುಲಭವಾದ ದಾರಿಯನ್ನೇ ಹಿಡಿಯುತ್ತದೆ. ಹತ್ತಿರದ ತೊಟ್ಟಿಗೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಬೆಲ್ ಸೈಫನ್‌ಗೆ ಇವೆರಡೂ ಆಗದು. ತೊಟ್ಟಿ ತುಂಬಿ ನೀರು ನಡುವಿನ ಪೈಪಿನ ಅಂಚನ್ನು ದಾಟುವಾಗ, ಪೈಪಿನ ಒಳಗೆಲ್ಲ ತುಂಬಿಕೊಂಡು ಇಳಿಯುವಷ್ಟು ರಭಸವಿದ್ದರೆ ಮಾತ್ರ ಅದು ಟೋಪಿಯೊಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಸೈಫನ್ ಹಿಡಿಯುತ್ತದೆ. ರಭಸವಿಲ್ಲದಿದ್ದರೆ ನೀರು ಪೈಪಿನ ಗೋಡೆಗೆ ಅಂಟಿಕೊಂಡು ಇಳಿಯುತ್ತದೆ; ನಿಮ್ಮ ದೂರದ ತೊಟ್ಟಿಯಲ್ಲಿ ನಡೆಯುತ್ತಿರುವುದು ಇದು. ಸೈಫನ್ ನಿಲ್ಲುವುದು ನೀರಿನ ಮಟ್ಟ ಟೋಪಿಯ ಬುಡದ ಕಚ್ಚುಗಳವರೆಗೆ ಇಳಿದು ಒಳಕ್ಕೆ ಗಾಳಿ ನುಗ್ಗಿದಾಗ. ಬರುವ ನೀರು ಹೋಗುವ ನೀರಿಗೆ ಸಾಟಿಯಾಗಿಬಿಟ್ಟರೆ ಗಾಳಿ ಗುಟುಕು ಗುಟುಕಾಗಿ ಹೋಗುತ್ತದೆಯೇ ವಿನಾ ಎಳೆತ ಕಡಿಯುವುದಿಲ್ಲ. ಹತ್ತಿರದ ತೊಟ್ಟಿಯ ರೋಗ ಅದು.

ಪಂಪಿನ ಬಾಯಿಯ ವಾಲ್ವನ್ನು ಪೂರ್ತಿ ತೆರೆದುಬಿಡಿ. ಪ್ರತಿಯೊಂದು ಗಿಡದ ತೊಟ್ಟಿಯ ಮುಂದೆ ಪ್ರತ್ಯೇಕ ಬಾಲ್ ವಾಲ್ವ್ ಹಾಕಿ, ಅವುಗಳಿಗಿಂತ ಮೊದಲು ಒಂದು ಟಿ ಜೋಡಿಸಿ, ಅದರ ಮೂರನೆಯ ಬಾಯಿಂದ ಇನ್ನೊಂದು ವಾಲ್ವಿನ ಮೂಲಕ ಪೈಪನ್ನು ನೇರ ಮೀನಿನ ತೊಟ್ಟಿಗೆ ಇಳಿಸಿ. ಎರಡೂ ತೊಟ್ಟಿಗಳಿಗೆ ನಿಮಿಷಕ್ಕೆ 4 ಲೀಟರಿನಂತೆ ಬಕೆಟ್ ಹಿಡಿದು ಸರಿಮಾಡಿಕೊಂಡು, ಮಿಕ್ಕ ನೀರನ್ನು ಈ ಮೂರನೆಯ ದಾರಿಗೆ ಬಿಡಿ. ಅದು ವ್ಯರ್ಥವೆಂದು ಭಾವಿಸಬೇಡಿ; ಒಂದಡಿ ಮೇಲಿನಿಂದ ಧುಮುಕುವ ಆ ನೀರು ಮೀನಿಗೆ ಉಸಿರು. ನಿಮ್ಮ ಅರ್ಧ ಡ್ರಮ್ಮಿನಲ್ಲಿ ಜಲ್ಲಿಯ ಸಂದುಗಳು ಹಿಡಿಯುವ ನೀರು, ಮೇಲಿನ 5 ಸೆಂಟಿಮೀಟರ್ ಒಣಗಿರಬೇಕೆಂಬುದನ್ನು ಬಿಟ್ಟು, ಸುಮಾರು 30 ಲೀಟರ್. ಹೀಗಾಗಿ ಏಳೆಂಟು ನಿಮಿಷಕ್ಕೊಮ್ಮೆ ತುಂಬುತ್ತದೆ.

ಇಷ್ಟು ಮಾಡಿದರೂ ಸೈಫನ್ ಹಿಡಿಯದಿದ್ದರೆ ನಡುವಿನ ಪೈಪು ಆ ಓಟಕ್ಕೆ ದಪ್ಪವಾಯಿತೆಂದು ತಿಳಿಯಿರಿ. ಒಂದು ಇಂಚಿನ ಬದಲು ಮುಕ್ಕಾಲು ಇಂಚಿನದನ್ನು ಹಾಕಿ, ಅದರ ತಲೆಗೆ ರಿಡ್ಯೂಸರನ್ನು (ದಪ್ಪ ಪೈಪನ್ನು ಸಣ್ಣದಕ್ಕೆ ಸೇರಿಸುವ ಜೋಡಣೆ) ಆಲಿಕೆಯಂತೆ ಕೂರಿಸಿ. ತೊಟ್ಟಿಯ ಕೆಳಗೆ ಹೊರಬರುವ ತುದಿಗೆ ಒಂದು ಎಲ್ಬೋ ಹಾಕಿದರೆ ಅಲ್ಲಿನ ತಡೆಯಿಂದ ಪೈಪು ಬೇಗ ತುಂಬಿಕೊಳ್ಳುತ್ತದೆ. ಆದರೆ ಆ ತುದಿ ಮೀನಿನ ತೊಟ್ಟಿಯ ನೀರಿನೊಳಗೆ ಮುಳುಗಿರಬಾರದು. ಟೋಪಿಯ ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಸೈಫನ್ ಹಿಡಿಯದು. ನಾನೇ ಒಮ್ಮೆ ವಾರವಿಡೀ ಪೈಪುಗಳನ್ನು ಬದಲಿಸಿ ಕೊನೆಗೆ ಕಂಡದ್ದು ಅಂಟು ಬಿಟ್ಟಿದ್ದ ಮುಚ್ಚಳವನ್ನು. ನಿಲ್ಲದ ಸೈಫನ್‌ಗಾದರೆ ಟೋಪಿಯ ತಲೆಯಲ್ಲಿ ರಂಧ್ರ ಕೊರೆದು, ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಗಾಳಿ ಸೋರದಂತೆ ಅಂಟಿಸಿ, ಅದರ ಇನ್ನೊಂದು ತುದಿಯನ್ನು ಹೊರಗಡೆಯಿಂದ ಕಚ್ಚುಗಳಿಗಿಂತ ಸ್ವಲ್ಪ ಮೇಲಿನವರೆಗೆ ಇಳಿಬಿಡಿ. ನೀರು ಅಲ್ಲಿಗೆ ಇಳಿದಾಗ ಗಾಳಿ ನೇರ ತಲೆಗೆ ನುಗ್ಗಿ ಎಳೆತವನ್ನು ಕಡಿಯುತ್ತದೆ.

ಕೊನೆಗೆ ಒಂದು ಇಟ್ಟಿಗೆ. ಪಂಪನ್ನು ಅದರ ಮೇಲೆ ಕೂರಿಸಿ. ಸೈಫನ್ ಕಟ್ಟಿಕೊಂಡು ಗಿಡದ ತೊಟ್ಟಿ ಉಕ್ಕಿ ಹರಿದರೂ ಪಂಪು ನೀರು ಹೀರುವ ಬಾಯಿಗಿಂತ ಕೆಳಗಿನ ನೀರು ಮೀನಿಗೆ ಉಳಿದಿರುತ್ತದೆ. ಇದರಿಂದ ತಳದ ಕಸ ಅಲ್ಲೇ ನಿಲ್ಲುತ್ತದೆ, ನಿಜ. ವಾರಕ್ಕೊಮ್ಮೆ ಕೊಳವೆಯಿಂದ ಅದನ್ನು ಎಳೆದು ತೆಗೆಯುವ ತೊಂದರೆಯನ್ನು ನಾನಂತೂ ಒಪ್ಪಿಕೊಂಡಿದ್ದೇನೆ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ಗಿಡದ ತೊಟ್ಟಿಯ ನೀರು ಪಂಪಿನ ಪೈಪಿನಲ್ಲೇ ಹಿಂದಕ್ಕೆ ಬಂದುಬಿಡುತ್ತದೆ. ಇಲ್ಲಿ ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ ಕರೆಂಟ್ ಇರುವುದಿಲ್ಲ. ಏನು ಮಾಡಬೇಕು?
ಓದುಗರೊಬ್ಬರು, ಕಲಬುರಗಿ

ಉತ್ತರ: ಪೈಪಿನ ತುದಿ ಗಿಡದ ತೊಟ್ಟಿಯ ನೀರಿನಲ್ಲಿ ಮುಳುಗಿದೆ, ಅದನ್ನು ಜಲ್ಲಿಯಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತಿದರೆ ಹಿಂದೋಟ ನಿಲ್ಲುತ್ತದೆ. ಎರಡನೆಯದು, ಅಂದರೆ ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದು, ಹೆಚ್ಚು ಗಂಭೀರವಾದದ್ದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು 7.5ರಷ್ಟು. 5ಕ್ಕಿಂತ ಕೆಳಗಿಳಿಯಲು ಬಿಡಬಾರದು. ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು, ಕರೆಂಟ್ ಹೋದೊಡನೆ ತಾನಾಗಿಯೇ ಚಾಲೂ ಆಗುವಂಥದ್ದನ್ನು ಇಟ್ಟುಕೊಳ್ಳಿ. ಕರೆಂಟ್ ಹೋಗುವ ವೇಳೆ ಗೊತ್ತಿದ್ದರೆ ಅದಕ್ಕೆ ಮುಂಚೆ ಮೀನಿಗೆ ಆಹಾರ ಹಾಕಬೇಡಿ, ಏಕೆಂದರೆ ತಿಂದ ಮೀನು ಹೆಚ್ಚು ಆಮ್ಲಜನಕವನ್ನು ಬಳಸುತ್ತದೆ.

ಪ್ರಶ್ನೆ: ಮೊದಲ ಆರು ತಿಂಗಳು ಚೆನ್ನಾಗಿ ಹರಿಯುತ್ತಿದ್ದ ನೀರು ಈಗ ಅರ್ಧಕ್ಕೆ ಇಳಿದಿದೆ. ಪಂಪು ಹಳತಾಯಿತೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪಂಪನ್ನು ದೂರುವ ಮೊದಲು ಅದರ ಜಾಲರಿಯನ್ನು ಬಿಚ್ಚಿ ತೊಳೆಯಿರಿ, ಪೈಪಿನೊಳಗೆ ಬೆರಳಾಡಿಸಿ ನೋಡಿ. ಒಳಗೆ ಕಟ್ಟುವ ಲೋಳೆ ಅರ್ಧ ಇಂಚಿನ ಪೈಪನ್ನು ಬಹುಬೇಗ ಕಿರಿದಾಗಿಸುತ್ತದೆ. ಬ್ರಷ್ಷು ಮತ್ತು ಬರಿ ನೀರು ಸಾಕು. ಬ್ಲೀಚಿಂಗ್ ಪುಡಿ ಖಂಡಿತ ಬೇಡ, ಅದು ಬ್ಯಾಕ್ಟೀರಿಯಾವನ್ನೂ ಮೀನನ್ನೂ ಕೊಲ್ಲುತ್ತದೆ. ಬೆಳಕು ಹಾಯುವ ಪೈಪಾದರೆ ಪಾಚಿ ಬೆಳೆಯದಂತೆ ಹೊರಗಿನಿಂದ ಕಪ್ಪು ಬಣ್ಣ ಬಳಿಯಿರಿ. ನೀರು ಹೊರಹೋಗುವ ಕಡೆ ಕಟ್ಟಿಕೊಂಡಿದ್ದರೆ ಬೇರನ್ನು ಹುಡುಕಿ. ಜಲ್ಲಿಯನ್ನು ತಡೆಯುವ ತೂತಿನ ಪೈಪಿನೊಳಕ್ಕೂ ದಾರಿ ಮಾಡಿಕೊಂಡು ಹೋಗುವುದರಲ್ಲಿ ಪುದೀನಕ್ಕೆ ಸಮನಾದ ಗಿಡವನ್ನು ನಾನು ಕಂಡಿಲ್ಲ. ಅದನ್ನು ಕಿತ್ತು ಬೇರೆ ಕುಂಡದಲ್ಲಿ ಮಣ್ಣಿಗೆ ಹಾಕುವುದೇ ವಾಸಿ.